ಭೀಮಾ ತೀರದ ಬಯಲು, ಚಿಂಚೋಳಿಯ ಕಾಡು: ಒಂದೇ ಜಿಲ್ಲೆಯ ಎರಡು ಚೆಲುವು

ಕರ್ನಾಟಕದ ಪ್ರಕೃತಿ ಸೌಂದರ್ಯ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಮಲೆನಾಡು. ಆಗುಂಬೆಯ ಸೂರ್ಯಾಸ್ತ, ಜೋಗದ ಧಾರೆ, ಕೊಡಗಿನ ಮಂಜು. ಪಠ್ಯಪುಸ್ತಕಗಳಿಂದ ಹಿಡಿದು ಕ್ಯಾಲೆಂಡರ್‌ಗಳವರೆಗೆ ಇದೇ ಚಿತ್ರಗಳು ತಲೆಮಾರುಗಳಿಂದ ನಡೆದುಬಂದಿವೆ. ಕಲಬುರಗಿ ಜಿಲ್ಲೆಯ ಹೆಸರೆತ್ತಿದರೆ ಬಿಸಿಲು, ಬರ, ತೊಗರಿ, ಸಿಮೆಂಟು ಎಂಬ ನಾಲ್ಕು ಪದಗಳಲ್ಲಿ ಮಾತು ಮುಗಿದುಹೋಗುತ್ತದೆ. ಬೆಂಗಳೂರು, ಮೈಸೂರುಗಳ ಓದುಗರಿಗಷ್ಟೇ ಅಲ್ಲ, ಕಲಬುರಗಿ ನಗರದಲ್ಲಿಯೇ ಹುಟ್ಟಿ ಬೆಳೆದ ಅನೇಕರಿಗೂ ತಮ್ಮ ಜಿಲ್ಲೆಯಲ್ಲಿ ನೋಡಲೆಂದು ಹೋಗುವಂತಹ ಭೂದೃಶ್ಯಗಳಿವೆ ಎಂಬ ಕಲ್ಪನೆ ಇದ್ದಂತಿಲ್ಲ.

ವಾಸ್ತವದಲ್ಲಿ ಈ ಜಿಲ್ಲೆಯೊಳಗೆ ಒಂದಕ್ಕೊಂದು ಹೋಲಿಕೆಯೇ ಇಲ್ಲದ ಎರಡು ನಿಸರ್ಗ ಸೀಮೆಗಳಿವೆ. ಒಂದು, ಪಶ್ಚಿಮ ಹಾಗೂ ನೈರುತ್ಯದಲ್ಲಿ ಅಫಜಲಪುರ, ಜೇವರ್ಗಿ ಹಾಗೂ ಆಳಂದ ತಾಲೂಕುಗಳನ್ನು ಒಳಗೊಂಡ ಭೀಮಾ-ಅಮರ್ಜಾ ನದಿಗಳ ಕಪ್ಪು ಮಣ್ಣಿನ ಬಯಲು. ಇನ್ನೊಂದು, ಈಶಾನ್ಯದಲ್ಲಿ ತೆಲಂಗಾಣದ ಗಡಿಗೆ ಹೊಂದಿಕೊಂಡಿರುವ ಚಿಂಚೋಳಿಯ ಗುಡ್ಡ ಹಾಗೂ ಕಾಡು. ಇವೆರಡರ ನಡುವಿನ ಅಂತರ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಎರಡನೆಯದಕ್ಕೆ 2011ರಲ್ಲಿ ವನ್ಯಜೀವಿಧಾಮದ ಮಾನ್ಯತೆ ದೊರೆಯಿತು. ಮೊದಲನೆಯದನ್ನು ಇಂದಿಗೂ ಯಾರೂ ನಿಸರ್ಗದ ಲೆಕ್ಕಕ್ಕೆ ಹಿಡಿದಿಲ್ಲ. ಹೋಲಿಕೆ ಅಗತ್ಯವೆನಿಸುವುದು ಈ ಕಾರಣಕ್ಕಾಗಿಯೇ.

ಅತನೂರಿನಿಂದ ಕಾಣುವ ಬಯಲು

ಅತನೂರ ಅಫಜಲಪುರ ತಾಲೂಕಿನ ಒಂದು ಹೋಬಳಿ ಕೇಂದ್ರ. ಊರ ಹೆಸರಿನ ಕೊನೆಯ ಉಕಾರವನ್ನು ಬಿಟ್ಟು ‘ಅತನೂರ’ ಎಂದು ಬರೆಯುವುದೇ ಈ ಭಾಗದ ವಾಡಿಕೆ. ಉತ್ತರಕ್ಕೆ ಆಳಂದದ ಏರು, ದಕ್ಷಿಣಕ್ಕೆ ಭೀಮೆಯ ಇಳಿಜಾರು, ನದಿಯ ಆಚೆಗೆ ಜೇವರ್ಗಿಯ ಎರೆ. ಪ್ರವಾಸಿ ಕೈಪಿಡಿಗಳಲ್ಲಿ ಈ ಊರಿನ ಹೆಸರನ್ನು ಹುಡುಕುವುದು ವ್ಯರ್ಥ. ಆದರೆ ಬಯಲು ಸೀಮೆಯ ಚೆಲುವನ್ನು ಅರಿಯಬೇಕೆನ್ನುವವರಿಗೆ ಇಂತಹ ಊರುಗಳ ಹೊಲದ ಬದುವೇ ತಕ್ಕ ಸ್ಥಳ.

ಇಲ್ಲಿ ಮೊದಲಿಗೆ ಗಮನಕ್ಕೆ ಬರುವುದು ಆಕಾಶದ ವಿಸ್ತಾರ. ಗುಡ್ಡಗಾಡಿನಲ್ಲಿ ಆಕಾಶವು ಮರಗಳ ನಡುವಿನ ಒಂದು ತುಂಡು ಮಾತ್ರ. ಬಯಲಿನಲ್ಲಿ ಅದು ನಾಲ್ಕೂ ದಿಕ್ಕಿಗೆ ನೆಲವನ್ನು ಮುಟ್ಟುತ್ತದೆ. ಮುಂಗಾರಿನಲ್ಲಿ ಹತ್ತಾರು ಮೈಲಿ ದೂರದ ಮಳೆಯೂ ಕಣ್ಣಿಗೆ ಬೀಳುತ್ತದೆ. ಒಂದೆಡೆ ಕಪ್ಪು ಪರದೆಯಂತೆ ಮಳೆ ಇಳಿಯುತ್ತಿದ್ದರೆ ಇನ್ನೊಂದೆಡೆ ಬಿಸಿಲು ಹೊಳೆಯುತ್ತಿರುತ್ತದೆ. ನೋಡುವವನು ನಿಂತ ಜಾಗದಲ್ಲಿ ಹನಿಯೂ ಇರುವುದಿಲ್ಲ. ಆಗುಂಬೆಯ ವಾರ್ಷಿಕ ಮಳೆಯ ಸರಾಸರಿ 7,000 ಮಿ.ಮೀ. ದಾಟುತ್ತದೆ. ಕಲಬುರಗಿ ಜಿಲ್ಲೆಯ ಪಾಲಿಗೆ ಬರುವುದು ಅದರ ಸುಮಾರು ಹತ್ತನೇ ಒಂದು ಭಾಗ. ಇಲ್ಲಿ ಮಳೆ ಒಂದು ಘಟನೆ. ಅದನ್ನು ಜನ ನಿಂತು ನೋಡುತ್ತಾರೆ.

ಎರಡನೆಯದು ಮಣ್ಣು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾರಸ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿ ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆ ಉಂಟಾಯಿತು. ಆಳಂದದ ಕಡೆಗೆ ಹೋದಂತೆ ಕಾಣುವ ನೆತ್ತಿ ಚಪ್ಪಟೆಯಾದ ದಿಬ್ಬಗಳು, ಮೆಟ್ಟಿಲಿನಂತೆ ಏರಿಳಿಯುವ ನೆಲ, ಇವೆಲ್ಲ ಆ ಪದರಗಳ ಅಂಚುಗಳೇ. ಇದೇ ಶಿಲೆ ಸವೆದು ಎರೆಮಣ್ಣಾಯಿತು. ನೀರು ಕುಡಿದಾಗ ಉಬ್ಬುವುದು, ಒಣಗಿದಾಗ ಕುಗ್ಗುವುದು ಈ ಜೇಡಿಯ ಗುಣ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲದ ಬಿರುಕುಗಳು ಬೀಳುತ್ತವೆ. ಮೊದಲ ಮಳೆಗೆ ಮಣ್ಣು ಆ ಬಿರುಕುಗಳಿಗೆ ತಾನೇ ಉದುರಿ ಬೀಳುವುದರಿಂದ ಎರೆಹೊಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎನ್ನುವುದುಂಟು. ಆ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ.

ಹಿಂಗಾರಿ ಹಂಗಾಮಿನ ಸೊಬಗಿನ ಗುಟ್ಟೂ ಈ ಮಣ್ಣಿನಲ್ಲಿಯೇ ಅಡಗಿದೆ. ಮಳೆಗಾಲದ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಂಡ ಎರೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿದ ಬಿಳಿಜೋಳವನ್ನು ಹೆಚ್ಚುಕಡಿಮೆ ಆ ತೇವಾಂಶದಿಂದಲೇ ಬೆಳೆಸುತ್ತದೆ. ನಾಡಿನ ಬೇರೆ ಭಾಗಗಳಲ್ಲಿ ಹಸಿರು ಮಾಸತೊಡಗುವ ಡಿಸೆಂಬರ್-ಜನವರಿಯಲ್ಲಿ ಇಲ್ಲಿ ಜೋಳ ಆಳೆತ್ತರಕ್ಕೆ ನಿಂತಿರುತ್ತದೆ. ಈ ಭಾಗದಲ್ಲಿ ಹೆಸರಾದ ಮಾಲದಂಡಿ ತಳಿಯ ಮೂಲ ನೆರೆಯ ಸೊಲ್ಲಾಪುರ ಜಿಲ್ಲೆಯ ಮೋಹೋಳ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಜೋಳದ ಹೊಲದ ಅಂಚಿಗೆ ಕುಸುಬೆಯ ಸಾಲುಗಳಿರುತ್ತವೆ. ಕುಸುಬೆಯ ಮುಳ್ಳಿಗೆ ದನಗಳು ಹೆದರುತ್ತವೆ. ಅಂದರೆ ಅದು ಬೇಲಿಯೂ ಹೌದು, ಎಣ್ಣೆಬೀಜವೂ ಹೌದು. ಹಳದಿಯಾಗಿ ಅರಳಿ ಕೇಸರಿಗೆ ತಿರುಗುವ ಅದರ ಹೂವು ಇಡೀ ಹೊಲಕ್ಕೆ ಒಂದು ಅಂಚು ಕಟ್ಟುತ್ತದೆ. ಇಳಕಲ್ ಸೀರೆಯನ್ನು ನೋಡಿದವರಿಗೆ ಈ ನೋಟ ಅಪರಿಚಿತವೆನಿಸದು.

ಕಡಲೆ ಹೊಲದ ಬೆಳಗು ಇನ್ನೊಂದು ಬಗೆಯದು. ಕಡಲೆಯ ಎಲೆಗಳು ಹುಳಿಯನ್ನು ಸ್ರವಿಸುತ್ತವೆ. ಅದರ ಮೇಲೆ ಬಿದ್ದ ಇಬ್ಬನಿಯನ್ನು ಬಿಳಿ ಬಟ್ಟೆ ಹಾಸಿ ಹೀರಿಸಿ, ಹಿಂಡಿ, ಕಡಲೆ ಹುಳಿ ಸಂಗ್ರಹಿಸುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಹಿಂದಿನಿಂದಲೂ ಇತ್ತು. ಹೊಟ್ಟೆನೋವಿಗೆ ಅದು ಮನೆಮದ್ದು. ಇನ್ನು ತೊಗರಿಯ ಮಾತು ಹೇಳಬೇಕಿಲ್ಲ. ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಲಭಿಸಿತು. ಅಕ್ಟೋಬರ್-ನವೆಂಬರ್‌ನಲ್ಲಿ ತೊಗರಿ ಹೂ ಬಿಟ್ಟಾಗ ರಸ್ತೆಯ ಎರಡೂ ಬದಿ ಹಳದಿಯಾಗುತ್ತದೆ.

ಎಳ್ಳ ಅಮಾವಾಸ್ಯೆಯ ದಿನ ಈ ಬಯಲನ್ನು ನೋಡಬೇಕು. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಡುತ್ತದೆ. ಸಜ್ಜೆಯ ರೊಟ್ಟಿ, ಬಗೆಬಗೆಯ ಕಾಳು ಕಾಯಿಪಲ್ಲೆಗಳ ಭಜ್ಜಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಭೂಮಿತಾಯಿಗೆ ಪೂಜೆ ಸಲ್ಲಿಸಿ, ಬೆಳೆಗೆ ಚರಗ ಚೆಲ್ಲಿ, ನಂತರ ಬದುವಿನ ಮೇಲೆ ಕುಳಿತು ಊಟ. ನಗರದಲ್ಲಿ ನೆಲೆಸಿದವರೂ ಅಂದು ಊರಿಗೆ ಮರಳುವುದುಂಟು. ಪ್ರಕೃತಿ ವೀಕ್ಷಣೆ ಎಂಬ ಪದವನ್ನು ಯಾರೂ ಬಳಸುವುದಿಲ್ಲ. ಆದರೆ ಇಡೀ ಸಮುದಾಯ ವರ್ಷಕ್ಕೊಮ್ಮೆ ತನ್ನ ಭೂದೃಶ್ಯದ ನಡುವೆ ಹೋಗಿ ಕುಳಿತು ಬರುವ ಇಂತಹ ಹಬ್ಬ ಮಲೆನಾಡಿನ ಪ್ರವಾಸಿ ತಾಣಗಳಲ್ಲಿ ನಡೆಯುವ ಯಾವ ಉತ್ಸವಕ್ಕೂ ಕಡಿಮೆಯದಲ್ಲ.

ಇದೇ ದಿನಗಳಲ್ಲಿ ಗುಲಾಬಿ ಕಬ್ಬಕ್ಕಿಗಳು ಬರುತ್ತವೆ. ಪೂರ್ವ ಯುರೋಪ್ ಹಾಗೂ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಚಳಿಗಾಲ ಕಳೆಯಲು ದಖ್ಖನ್ನಿಗೆ ಇಳಿಯುವ ಈ ಹಕ್ಕಿಗಳಿಗೆ ಹಾಲುತುಂಬಿದ ಜೋಳದ ತೆನೆ ಬಲು ಪ್ರಿಯ. ಸಂಜೆ ಗೂಡು ಸೇರುವ ಮುನ್ನ ಸಾವಿರಾರು ಹಕ್ಕಿಗಳು ಒಂದೇ ಮೋಡದಂತೆ ತಿರುಗಿ, ಹಿಗ್ಗಿ, ಕುಗ್ಗುವುದನ್ನು ನೋಡಿದವರು ಮರೆಯಲಾರರು. ಅಟ್ಟ ಕಟ್ಟಿ ಕವಣೆ ಬೀಸಿ ಹಕ್ಕಿ ಕಾಯುವ ರೈತನಿಗೆ ಇದೇ ನೋಟ ಅಷ್ಟು ಸೊಗಸಾಗಿ ಕಾಣುವುದಿಲ್ಲ ಎಂಬುದನ್ನೂ ಹೇಳಬೇಕು.

ನದಿ ಎಂಬ ಅಡಗಿದ ದೃಶ್ಯ

ಭೀಮಾ ನದಿ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ ಒಟ್ಟು 861 ಕಿ.ಮೀ. ಹರಿದು ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಸೇರುತ್ತದೆ. ಅಫಜಲಪುರ ತಾಲೂಕಿನ ದಕ್ಷಿಣದ ಗಡಿ ಈ ನದಿಯೇ. ಆದರೆ ಬಯಲಿನಲ್ಲಿ ನಡೆಯುವವನಿಗೆ ನದಿ ದೂರದಿಂದ ಗೋಚರಿಸುವುದಿಲ್ಲ. ಆಳವಾಗಿ ಕೊರೆದ ಪಾತ್ರದಲ್ಲಿ ಅದು ತಗ್ಗಿ ಹರಿಯುತ್ತದೆ. ಹೊಲ ಮುಗಿದು ದಡದ ಜಾಲಿಗಿಡಗಳು ಬಂದ ಮೇಲೆಯೇ ಒಮ್ಮೆಲೇ ಕಾಲ ಕೆಳಗೆ ವಿಶಾಲವಾದ ನೀರು, ಮರಳ ದಿಣ್ಣೆ, ಆಚೆ ದಡದ ಜೇವರ್ಗಿ ಅಥವಾ ಸಿಂದಗಿಯ ಹೊಲಗಳು ತೆರೆದುಕೊಳ್ಳುತ್ತವೆ.

ಆಳಂದ ತಾಲೂಕಿನಲ್ಲಿ ಹುಟ್ಟಿ, ಕೋರಳ್ಳಿಯ ಬಳಿ ಅಣೆಕಟ್ಟೆಗೆ ಸಿಕ್ಕು ಮುಂದೆ ಸಾಗುವ ಅಮರ್ಜಾ ನದಿ ದೇವಲಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಶ್ರೀ ನರಸಿಂಹ ಸರಸ್ವತಿಗಳ ನೆಲೆಯಾದ ಈ ದತ್ತ ಕ್ಷೇತ್ರಕ್ಕೆ ಮಹಾರಾಷ್ಟ್ರದಿಂದ ಬರುವ ಭಕ್ತರ ಸಂಖ್ಯೆ ದೊಡ್ಡದು. ಸಂಗಮದ ಔದುಂಬರ ವೃಕ್ಷದ ಕೆಳಗೆ ಪಾರಾಯಣಕ್ಕೆ ಕುಳಿತವರ ಬೆನ್ನ ಹಿಂದೆ ಎರಡು ನದಿಗಳು ಕೂಡುವ ದೃಶ್ಯವಿದೆ. ಘತ್ತರಗಿಯ ಭಾಗ್ಯವಂತಿ ದೇವಿಯ ಸನ್ನಿಧಿಯೂ ನದಿಯ ದಡದ್ದೇ. ಜನ ಇಲ್ಲಿಗೆ ಬರುವುದು ಭಕ್ತಿಗಾಗಿ. ನದಿಯ ದರ್ಶನ ಅದರೊಡನೆ ತಾನಾಗಿ ದೊರೆಯುತ್ತದೆ.

ಈ ನದಿಯ ಚೆಲುವು ಇಂದು ಸ್ವತಂತ್ರವಾಗಿ ಉಳಿದಿಲ್ಲ ಎಂಬುದೇ ಈ ಸೀಮೆಯ ಮುಖ್ಯ ಸಂಕಟ. 1980ರಲ್ಲಿ ಪೂರ್ಣಗೊಂಡ ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದ ಸಾಮರ್ಥ್ಯ ಸುಮಾರು 117 ಟಿಎಂಸಿ ಅಡಿ. ಅದರ ಹಿನ್ನೀರಿನ ಭಿಗವಣಕ್ಕೆ ಪ್ರತಿ ಚಳಿಗಾಲ ಫ್ಲೆಮಿಂಗೊಗಳನ್ನು ನೋಡಲು ಪುಣೆ, ಮುಂಬಯಿಗಳಿಂದ ಜನ ಬರುತ್ತಾರೆ. ಅದೇ ನದಿಯ ಕೆಳಭಾಗದಲ್ಲಿ, ನಮ್ಮ ಅಫಜಲಪುರದಲ್ಲಿ, ಬೇಸಿಗೆ ಬಂತೆಂದರೆ ಕುಡಿಯುವ ನೀರಿಗಾಗಿ ಹೋರಾಟ ನಡೆಯುತ್ತದೆ. 2024ರ ಮಾರ್ಚ್‌ನಲ್ಲಿ ಭೀಮೆಗೆ ನೀರು ಬಿಡಬೇಕೆಂದು ಅಫಜಲಪುರದಲ್ಲಿ ಉಪವಾಸ ಸತ್ಯಾಗ್ರಹವೇ ನಡೆಯಿತು. ಇದಕ್ಕೆ ವಿರುದ್ಧವಾಗಿ 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದಲ್ಲಿ ಸುರಿದ ಮಳೆಯ ನೀರು ಒಮ್ಮೆಲೇ ಹರಿದುಬಂದು ತೀರದ ಹಳ್ಳಿಗಳನ್ನೂ ಕೊಯ್ಲಿಗೆ ಸಿದ್ಧವಾಗುತ್ತಿದ್ದ ಬೆಳೆಯನ್ನೂ ಮುಳುಗಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಪ್ರವಾಹ. ಒಣಗಿದ ಮರಳು ಇಲ್ಲವೇ ಉಕ್ಕಿದ ಕೆಂಪು ನೀರು, ಈ ಎರಡು ತುದಿಗಳ ನಡುವೆ ತಿಳಿಯಾಗಿ ಹರಿಯುವ ಭೀಮೆಯನ್ನು ಕಾಣುವ ದಿನಗಳು ಕಡಿಮೆಯಾಗುತ್ತಿವೆ.

ಮರಳಿನದು ಇನ್ನೊಂದು ಕಥೆ. ನದಿಯ ಮರಳ ದಿಣ್ಣೆ ಕೇವಲ ನೋಟಕ್ಕಲ್ಲ. ನೀರನ್ನು ಹಿಡಿದಿಟ್ಟು ದಡದ ಬಾವಿಗಳಿಗೆ ಉಣಿಸುವುದು ಅದೇ. ಅಕ್ರಮ ಮರಳು ಸಾಗಣೆ ಈ ಭಾಗದಲ್ಲಿ ಎಷ್ಟು ಬಲವಾಗಿದೆ ಎಂಬುದಕ್ಕೆ ಒಂದು ಘಟನೆ ಸಾಕು. 2023ರ ಜೂನ್‌ನಲ್ಲಿ ಜೇವರ್ಗಿ ತಾಲೂಕಿನಲ್ಲಿ ಮರಳು ತುಂಬಿದ ಟ್ರ್ಯಾಕ್ಟರ್ ತಡೆಯಲು ಹೋದ ಪೊಲೀಸ್ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಅದರ ಗಾಲಿಗೆ ಸಿಕ್ಕು ಪ್ರಾಣ ತೆತ್ತರು.

ಚಿಂಚೋಳಿ: ಬಿಸಿಲ ನಾಡಿನ ಹಸಿರು

ಇನ್ನು ಈಶಾನ್ಯದತ್ತ ಹೊರಳೋಣ. ಕಲಬುರಗಿಯಿಂದ ಚಿಂಚೋಳಿಯ ಕಡೆಗೆ ಸಾಗುತ್ತಿದ್ದಂತೆ ಮಣ್ಣಿನ ಬಣ್ಣ ಬದಲಾಗುತ್ತದೆ. ಕಪ್ಪು ಹಿಂದೆ ಸರಿದು ಕೆಂಪು ಇಣುಕುತ್ತದೆ. ಗುಡ್ಡಗಳ ನೆತ್ತಿಯಲ್ಲಿರುವುದು ಜಂಬಿಟ್ಟಿಗೆ. ಬೆಚ್ಚಗಿನ ತೇವದ ಹವೆಯಲ್ಲಿ ಅದೇ ಬಸಾಲ್ಟ್ ಶಿಲೆ ದೀರ್ಘಕಾಲ ಕೊಳೆತು, ಕರಗುವುದೆಲ್ಲ ಕರಗಿಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶ ಉಳಿದಾಗ ಈ ಕೆಂಪು ಕಲ್ಲು ಉಂಟಾಗುತ್ತದೆ. ಬೀದರಿನ ಕೋಟೆಯ ಕಂದಕ ಹಾಗೂ ನೌಬಾದಿನ ಕರೇಜ್ ಸುರಂಗಗಳನ್ನು ಕೊರೆದಿರುವುದೂ ಇದೇ ಕಲ್ಲಿನಲ್ಲಿ. ಅಂದರೆ ಭೀಮೆಯ ಕಪ್ಪು ನೆಲವೂ ಚಿಂಚೋಳಿಯ ಕೆಂಪು ಗುಡ್ಡವೂ ಒಂದೇ ತಾಯಿಶಿಲೆಯ ಮಕ್ಕಳು.

2011ರ ನವೆಂಬರ್‌ನಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮದ ವಿಸ್ತೀರ್ಣ ಸುಮಾರು 134.88 ಚದರ ಕಿ.ಮೀ. ಒಣ ಎಲೆಯುದುರುವ ಕಾಡು ಇದರ ಲಕ್ಷಣ. ತೇಗ, ಶ್ರೀಗಂಧ, ರಕ್ತಚಂದನ, ಮುತ್ತುಗ ಹಾಗೂ ಅನೇಕ ಔಷಧೀಯ ಸಸ್ಯಗಳು ಇಲ್ಲಿವೆ. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ನಾಲ್ಕು ಕೊಂಬಿನ ಕೊಂಡುಕುರಿ ಈ ಕಾಡಿನ ನಿವಾಸಿಗಳು. ಆನೆ, ಹುಲಿಗಳನ್ನು ನಿರೀಕ್ಷಿಸಿ ಹೋಗುವವರಿಗೆ ನಿರಾಸೆ ಖಂಡಿತ.

ಕಾಡಿನ ನಡುವೆ ಗುಡ್ಡಗಳಿಂದ ಸುತ್ತುವರಿದ ಚಂದ್ರಂಪಳ್ಳಿ ಜಲಾಶಯ ಇಲ್ಲಿನ ಅತ್ಯಂತ ಪ್ರಸಿದ್ಧ ನೋಟ. ಮಳೆಗಾಲದ ಕೊನೆಯಲ್ಲಿ ತುಂಬಿದ ನೀರಿನಲ್ಲಿ ಹಸಿರು ಗುಡ್ಡದ ಬಿಂಬ ಬಿದ್ದಾಗ ಇದು ಕಲಬುರಗಿಯೇ ಎಂದು ಅಚ್ಚರಿಪಡದವರಿಲ್ಲ. ಗೊಟ್ಟಂಗೊಟ್ಟದ ಬಕ್ಕಪ್ರಭು ದೇವಸ್ಥಾನ ಕಾಡಿನ ಮಧ್ಯದ ಶಾಂತ ತಾಣ. ಎತ್ತಿಪೋತ ಜಲಪಾತ ಮಳೆಗಾಲದಲ್ಲಿ ಧುಮುಕಿ, ನಂತರ ಸೊರಗುತ್ತದೆ. ಅದರ ಹೆಸರು ತೆಲುಗಿನದು. ಆಂಧ್ರದಲ್ಲಿ ನಾಗಾರ್ಜುನಸಾಗರದ ಸಮೀಪವೂ ಎತ್ತಿಪೋತಲ ಎಂಬ ಜಲಪಾತವಿದೆ. ಗಾಣಗಾಪುರದಲ್ಲಿ ಕಿವಿಗೆ ಮರಾಠಿ ಬಿದ್ದರೆ, ಕುಂಚಾವರಂ ಕಡೆಗೆ ತೆಲುಗು ಬೀಳುತ್ತದೆ. ಕಾಡಿನ ತಾಂಡಾಗಳಲ್ಲಿ ಲಂಬಾಣಿ.

ಈ ಕಾಡನ್ನು ನೋಡಲು ಎರಡು ಕಾಲ. ಒಂದು, ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಹಸಿರು. ಇನ್ನೊಂದನ್ನು ಬಹಳ ಜನ ತಪ್ಪಿಸಿಕೊಳ್ಳುತ್ತಾರೆ: ಫೆಬ್ರವರಿ-ಮಾರ್ಚ್‌ನಲ್ಲಿ ಎಲೆಗಳೆಲ್ಲ ಉದುರಿದ ಮೇಲೆ ಮುತ್ತುಗ ಕೆಂಡದಂತೆ ಹೂ ಬಿಡುತ್ತದೆ. ಬೂದುಬಣ್ಣದ ಬರಿಗೊಂಬೆಗಳ ನಡುವೆ ಅದೊಂದೇ ಬಣ್ಣ.

ಹೋಲಿಕೆಯಲ್ಲಿ ಕಾಣುವುದೇನು?

ಚಿಂಚೋಳಿಯನ್ನು ‘ಬಿಸಿಲನಾಡಿನ ಮಲೆನಾಡು’ ಎಂದು ಹೊಗಳುವುದು ರೂಢಿ. ಈ ಹೊಗಳಿಕೆಯಲ್ಲಿ ಒಂದು ದೋಷವಿದೆ. ಅದು ಚಿಂಚೋಳಿಯನ್ನು ಮಲೆನಾಡಿನ ಅಳತೆಗೋಲಿನಿಂದ ಅಳೆಯುತ್ತದೆ. ಹಾಗೆ ಅಳೆದರೆ ಚಿಂಚೋಳಿ ಯಾವಾಗಲೂ ಒಂದು ಚಿಕ್ಕ ಮಲೆನಾಡಾಗಿಯೇ ಉಳಿಯುತ್ತದೆ. ಒಣ ಕಾಡಿನ ಹಿರಿಮೆ ಅದರ ಹಸಿರಿನಲ್ಲಿಲ್ಲ, ಎಂಟು ತಿಂಗಳ ಒಣಗಾಲವನ್ನು ಸಹಿಸಿ ಮರಳಿ ಚಿಗುರುವ ಕ್ರಮದಲ್ಲಿದೆ. ಅದೇ ಅಳತೆಗೋಲನ್ನು ಭೀಮೆಯ ಬಯಲಿಗೆ ಹಿಡಿದರೆ ಅಲ್ಲಿ ಏನೂ ಕಾಣುವುದೇ ಇಲ್ಲ. ಜಲಪಾತವಿಲ್ಲ, ಗುಡ್ಡವಿಲ್ಲ, ಕಾಡಿಲ್ಲ. ಆದ್ದರಿಂದ ನೋಡಲು ಏನೂ ಇಲ್ಲ ಎಂಬ ತೀರ್ಮಾನ.

ಎರಡರ ನಡುವಿನ ನಿಜವಾದ ವ್ಯತ್ಯಾಸ ಬೇರೆಯದು. ಚಿಂಚೋಳಿಯ ನೋಟ ಮನುಷ್ಯ ಕೈ ಹಾಕದೆ ಬಿಟ್ಟಷ್ಟೂ ಉಳಿಯುತ್ತದೆ. ಭೀಮೆಯ ಬಯಲಿನ ನೋಟ ಮನುಷ್ಯ ಬಿತ್ತಿದರೆ ಮಾತ್ರ ಇರುತ್ತದೆ. ಕಾಡಿಗೆ ಗಡಿ ಗುರುತಿಸಿ ಅಧಿಸೂಚನೆ ಹೊರಡಿಸಬಹುದು. ಜೋಳದ ಹೊಲಕ್ಕೆ ಅಧಿಸೂಚನೆ ಹೊರಡಿಸಲಾಗದು. ಬ್ಯಾರೇಜುಗಳ ನೀರು ಹಾಗೂ ಸಕ್ಕರೆ ಕಾರ್ಖಾನೆಗಳು ಬಂದ ಮೇಲೆ ಅಫಜಲಪುರ, ಆಳಂದಗಳ ನದಿಬದಿಯ ಹೊಲಗಳಲ್ಲಿ ಕಬ್ಬು ಹರಡಿದೆ. ರೈತನಿಗೆ ಅದರಿಂದ ನಾಲ್ಕು ಕಾಸು ಸಿಗುವುದಾದರೆ ಬೇಡವೆನ್ನಲು ನೋಡುಗರಿಗೆ ಅಧಿಕಾರವಿಲ್ಲ. ಆದರೆ ಕಬ್ಬಿನ ಗೋಡೆಗಳು ಎದ್ದಲ್ಲಿ ಕುಸುಬೆಯ ಅಂಚಿಲ್ಲ, ಕಡಲೆಯ ಇಬ್ಬನಿಯಿಲ್ಲ, ದೂರದ ದಿಗಂತವೂ ಇಲ್ಲ. ಬಿಳಿಜೋಳಕ್ಕೆ ನ್ಯಾಯವಾದ ಬೆಲೆ ಸಿಕ್ಕರೆ ಅದೇ ಈ ಬಯಲಿನ ಸಂರಕ್ಷಣಾ ಯೋಜನೆ ಎಂದರೆ ತಪ್ಪಾಗಲಾರದು.

ಚಿಂಚೋಳಿಯ ರಕ್ಷಣೆಯೂ ಸರಳವಲ್ಲ. ಕಾಡಿನೊಳಗಿನ ತಾಂಡಾಗಳ ಜನ ವನ್ಯಜೀವಿಧಾಮದ ನಿಯಮಗಳ ಒಳಗೆ ಬದುಕು ನಡೆಸಬೇಕಾಗಿದೆ. ರಸ್ತೆ, ಕಟ್ಟಿಗೆ, ಮೇವು ಪ್ರತಿಯೊಂದೂ ಪ್ರಶ್ನೆಯೇ. ಗಡಿಯ ಹೊರಗಿನ ಪ್ರವಾಸಿಗೆ ಕಾಣುವ ನೆಮ್ಮದಿಯ ಹಸಿರು ಒಳಗಿನವರಿಗೆ ದಿನನಿತ್ಯದ ಮಾತುಕತೆಯ ವಿಷಯ.

ಇವೆರಡನ್ನೂ ಸಂಪೂರ್ಣ ಬೇರೆಯೆಂದು ತಿಳಿಯುವುದಕ್ಕೂ ನಕಾಶೆ ಅವಕಾಶ ಕೊಡುವುದಿಲ್ಲ. ಚಿಂಚೋಳಿಯ ಹಳ್ಳಕೊಳ್ಳಗಳು ಮುಲ್ಲಾಮಾರಿಯನ್ನು ಸೇರುತ್ತವೆ. ಮುಲ್ಲಾಮಾರಿ ಕಾಗಿಣೆಗೆ ಕೂಡುತ್ತದೆ. ಕಾಗಿಣಾ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಪಕ್ಕದಲ್ಲಿ ಹರಿದು, ಶಹಾಬಾದ ಸಮೀಪದ ಹೊನಗುಂಟಾದಲ್ಲಿ ಭೀಮೆಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ, ಅಶೋಕನ ಶಾಸನ ದೊರೆತ ಸನ್ನತಿ ಹಾಗೂ ಕನಗನಹಳ್ಳಿಯ ಸ್ತೂಪದ ಬದಿಯಲ್ಲಿ ಹರಿಯುವ ನೀರಿನಲ್ಲಿ ಕಾಡಿನ ಪಾಲೂ ಬಯಲಿನ ಪಾಲೂ ಇದೆ.

ಒಂದನ್ನು ಮಾತ್ರ ಆರಿಸಿಕೊಳ್ಳಿ ಎಂದರೆ ಈ ಲೇಖಕನ ಮತ ಬಯಲಿಗೆ. ಪುಷ್ಯಮಾಸದ ಬೆಳಗಿನಲ್ಲಿ ಅತನೂರಿನ ಸುತ್ತಲ ಯಾವುದಾದರೂ ಜೋಳದ ಹೊಲದಲ್ಲಿ, ಬಿಸಿಲೇರುವ ಮುನ್ನ ಒಂದು ತಾಸು. ಚಿಂಚೋಳಿಯ ಹಸಿರಿಗೆ ಹೋಲುವ ಹಸಿರು ನಾಡಿನಲ್ಲಿ ಇನ್ನೂ ಹಲವೆಡೆ ದೊರೆತೀತು; ಈ ನೋಟ ಸಿಗುವುದು ದಖ್ಖನ್ನಿನ ಎರೆನೆಲದಲ್ಲಿ ಮಾತ್ರ.

ಹೋಗುವವರಿಗೆ

ಅಫಜಲಪುರ, ಗಾಣಗಾಪುರ, ಜೇವರ್ಗಿ, ಚಿಂಚೋಳಿ ಎಲ್ಲ ಕಡೆಗೂ ಕಲಬುರಗಿಯಿಂದ ಸಾರಿಗೆ ಬಸ್ಸುಗಳಿವೆ. ಗಾಣಗಾಪುರ ಕಲಬುರಗಿಯಿಂದ ಸುಮಾರು 40 ಕಿ.ಮೀ. ಸೊಲ್ಲಾಪುರ-ವಾಡಿ ರೈಲು ಮಾರ್ಗದಲ್ಲಿ ಗಾಣಗಾಪುರ ರೋಡ್ ನಿಲ್ದಾಣವಿದ್ದು, ಅಲ್ಲಿಂದ ಕ್ಷೇತ್ರಕ್ಕೆ ಇಪ್ಪತ್ತಕ್ಕೂ ಹೆಚ್ಚು ಕಿ.ಮೀ. ರಸ್ತೆ ಪ್ರಯಾಣ. ಚಿಂಚೋಳಿ ಕಲಬುರಗಿಯಿಂದ ಸುಮಾರು 85 ಕಿ.ಮೀ.; ಹೈದರಾಬಾದ್ ಕಡೆಯಿಂದ ಬರುವವರಿಗೆ ತೆಲಂಗಾಣದ ತಾಂಡೂರು ರೈಲು ನಿಲ್ದಾಣ ಅನುಕೂಲ. ಕಾಡಿನಲ್ಲಿ ತಂಗುವ ಉದ್ದೇಶವಿದ್ದರೆ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು. ಹೊಲಕ್ಕೆ ಯಾವ ಅನುಮತಿ ಪತ್ರವೂ ಬೇಡ, ಬದುವಿನ ಮೇಲೆ ಕುಳಿತ ರೈತನನ್ನು ಕೇಳಿದರೆ ಸಾಕು. ಮಳೆಗಾಲದ ಕೊನೆಯಲ್ಲಿ ಭೀಮಾ ತೀರಕ್ಕೆ ಹೊರಡುವವರು ಸೊನ್ನ ಬ್ಯಾರೇಜಿನಿಂದ ಎಷ್ಟು ನೀರು ಹೊರಬಿಡಲಾಗಿದೆ ಎಂದು ವಿಚಾರಿಸಿಕೊಂಡೇ ಹೊರಡುವುದು ಒಳಿತು. ಪ್ರವಾಹ ಬಂದರೆ ಘತ್ತರಗಿಯ ಸೇತುವೆ ಮುಳುಗುತ್ತದೆ, ಈಚೆಯವರು ಈಚೆ, ಆಚೆಯವರು ಆಚೆ.